ಕೊಟ್ಟೂರಿನ ಮೆತ್ತನೆಯ ನೆಲದ ಬಗ್ಗೆ ರಗ್ಬಿ ಚೆಂಡಿನವರಲ್ಲಿ ಒಂದು ಅರಿಕೆ

ಕೊಟ್ಟೂರು,
ಶುಕ್ರವಾರ, ಜುಲೈ ೨೦೦೦

ಇವರಿಗೆ,
ಮಾನ್ಯ ಶ್ರೀ ರಗ್ಬಿ ಚೆಂಡಿನವರು,
ಸದ್ಯದ ಮೊಕ್ಕಾಂ ಸಿಡ್ನಿ ಪಟ್ಟಣ, ಆಸ್ಟ್ರೇಲಿಯಾ.

ಪ್ರತಿ: ಶ್ರೀ ಮೈಲಾರಲಿಂಗಪ್ಪನವರು, ಕೇಬಲ್ ಮಾಲೀಕರು ಹಾಗೂ ಅಧ್ಯಕ್ಷರು, ವಿಶ್ವ ಮಹಾಪಂದ್ಯ ಸ್ವಾಗತ ಸಮಿತಿ, ಕೊಟ್ಟೂರು. (ಓದದೆ ಇಟ್ಟುಕೊಳ್ಳುವುದಕ್ಕಾಗಿ.)

ಮಾನ್ಯರೇ,

‘ಕಾದವರ ಕಾಲಡಿಯ ನೆಲ ತಾನಾಗಿ ಹಸಿರಾಗುವುದು’ ಎಂಬ ಸಾಲೊಂದನ್ನು ನಾನು ಎಲ್ಲಿಯೋ ಓದಿದ ನೆನಪು. ಯಾರದೆಂದು ನೆನಪಿಲ್ಲ, ಅದರ ಮುಂದಿನ ಸಾಲು ಏನೆಂಬುದೂ ನೆನಪಿಲ್ಲ. ಪುಸ್ತಕದಲ್ಲಿತ್ತೋ ಅಥವಾ ಯಾರದೋ ಲಗ್ನಪತ್ರಿಕೆಯ ಅಂಚಿನಲ್ಲಿತ್ತೋ, ಆಣೆ ಮಾಡಿ ಹೇಳಲಾರೆ. ಎಂ.ಎ. ಓದುವ ಕಾಲದಲ್ಲಿ ಅದು ಬಹಳ ಚೆಂದ ಅನ್ನಿಸಿತ್ತು. ಆದರೆ ಕಳೆದ ಒಂದು ತಿಂಗಳಿನಿಂದ ನಮ್ಮ ಊರು ತಮಗಾಗಿ ಕಾಯುತ್ತಿರುವ ರೀತಿಯನ್ನು ಕಣ್ಣಾರೆ ಕಂಡ ಮೇಲೆ, ಆ ಸಾಲು ಬರೆದವರು ಯಾರೇ ಆಗಿರಲಿ, ಅವರು ಒಂದೋ ತಮ್ಮ ಜನ್ಮದಲ್ಲಿ ಯಾರಿಗೂ ಕಾದವರಲ್ಲ, ಇಲ್ಲವೇ ಕಾದದ್ದು ಯಾವುದೋ ನೀರಾವರಿ ಗದ್ದೆಯ ಬದುವಿನ ಮೇಲೆ ಎಂಬ ಅನುಮಾನ ನನಗೆ ಬಂದಿದೆ. ನಮ್ಮಲ್ಲಿ ಕಾದವರ ಕಾಲಡಿಯ ನೆಲ ಹಸಿರಾಗಲಿಲ್ಲ. ಅದನ್ನು ಗುದ್ದಲಿ ತಂದು ಅಗೆದರು.

ದೂರು ಹೇಳುವ ಮೊದಲು ಕ್ಷೇಮ ಸಮಾಚಾರ ಕೇಳುವುದು ನಮ್ಮ ಸೀಮೆಯ ಪದ್ಧತಿ. ತಾವು ಮೈತುಂಬ ಗಾಳಿ ತುಂಬಿಕೊಂಡು ಸುಖವಾಗಿದ್ದೀರೆಂದು ನಂಬಿದ್ದೇನೆ. ನಾಳೆ ಶನಿವಾರ ಮಧ್ಯಾಹ್ನ ನಾವು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿರುವಾಗ, ತಾವಿರುವಲ್ಲಿ ಇರುಳಾಗಿರುವ ಹೊತ್ತಿನಲ್ಲಿ, ಕಪ್ಪು ಅಂಗಿಯ ನ್ಯೂಜಿಲೆಂಡಿನವರೂ ಹಳದಿ ಅಂಗಿಯ ಆಸ್ಟ್ರೇಲಿಯಾದವರೂ ತಮ್ಮನ್ನು ಎದೆಗವಚಿಕೊಳ್ಳಲು ಒಬ್ಬರ ಮೇಲೊಬ್ಬರು ಬೀಳಲಿದ್ದಾರೆಂದು ತಿಳಿದು ಬಂದಿದೆ. ಇಷ್ಟೊಂದು ಜನರ ಪ್ರೀತಿಗೆ ಪಾತ್ರರಾದ ತಮ್ಮನ್ನು ಇಲ್ಲಿನ ಕೆಲವರು ಕರಬೂಜವೆಂದೂ ಕೆಲವರು ಸುಲಿಯದ ತೆಂಗಿನಕಾಯಿಯೆಂದೂ ಕರೆಯುವುದುಂಟು. ನಾನು ಅಂಥ ಮಾತಿಗೆ ಕಿವಿಗೊಡುವವಳಲ್ಲ. ಗುಂಡಗೂ ಇರದೆ ಚಪ್ಪಟೆಯೂ ಆಗದೆ, ನೆಲಕ್ಕೆ ಬಿದ್ದರೆ ಯಾವ ಕಡೆಗೆ ಪುಟಿಯುತ್ತೀರೆಂದು ತಮಗೇ ತಿಳಿಯದ ಸ್ಥಿತಿಯಲ್ಲಿ ಇಷ್ಟು ದೊಡ್ಡ ಪದವಿಗೇರಿದ್ದೀರಿ ಎಂಬುದರಲ್ಲೇ ತಮ್ಮ ಆಡಳಿತ ಸಾಮರ್ಥ್ಯ ಎದ್ದು ಕಾಣುತ್ತದೆ.

ಈ ಕಾಯುವಿಕೆ ಹೇಗೆ ಶುರುವಾಯಿತೆಂದು ತಮಗೆ ತಿಳಿಸಬೇಕು. ನಮ್ಮ ಊರಿಗೆ ಕೇಬಲ್ ಕೊಡುವ ಶ್ರೀ ಮೈಲಾರಲಿಂಗಪ್ಪನವರ ಮಾಳಿಗೆಯ ಮೇಲೆ ಹೊಸ ಡಿಶ್ ಬಂದಾಗ, ಅದರಲ್ಲಿ ಆಟಗಳದ್ದೇ ಆದ ಒಂದು ಚಾನೆಲ್ ಸಿಕ್ಕಿತು. ಅದರಲ್ಲಿ ಹೊತ್ತಿಲ್ಲದ ಹೊತ್ತಿನಲ್ಲಿ ಒಂದು ಜಾಹೀರಾತು. ಗುಡುಗು, ಮಿಂಚು, ಕೆಸರು, ನಾಲಿಗೆ ಹೊರಚಾಚಿ ತೊಡೆ ತಟ್ಟುವ ಗಂಡಸರು, ಕೊನೆಗೆ ಇಂಗ್ಲಿಷಿನಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎಂಬ ಎರಡು ಹೆಸರು, ಕೆಳಗೆ ಒಂದು ತಾರೀಖು. ಈ ಎರಡು ಹೆಸರುಗಳು ಒಂದೇ ಕಡೆ ಕಂಡರೆ ನಮ್ಮಲ್ಲಿ ಎಳೆಮಕ್ಕಳೂ ಕ್ರಿಕೆಟ್ ಎಂದೇ ತಿಳಿಯುತ್ತವೆ. ಮೈಲಾರಲಿಂಗಪ್ಪನವರೂ ಹಾಗೆಯೇ ತಿಳಿದರು. ಬ್ಯಾಟು, ಸ್ಟಂಪುಗಳ ಚಿತ್ರ ಹಾಕಿಸಿ ಕರಪತ್ರ ಅಚ್ಚು ಮಾಡಿಸಿದರು. ಆಟೋದ ಮೇಲೆ ಮೈಕು ಕಟ್ಟಿಸಿ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲೆಲ್ಲ ‘ಶತಮಾನದ ಕದನ, ಕೊಟ್ಟೂರಿನ ಶಾಲೆ ಬಯಲಿನಲ್ಲಿ, ಶಾಮಿಯಾನದ ನೆರಳಿನಲ್ಲಿ, ದೊಡ್ಡ ಟಿವಿಯಲ್ಲಿ ಉಚಿತ ಪ್ರದರ್ಶನ’ ಎಂದು ಕೂಗಿಸಿದರು. ಆಟೋ ಮಾಗಳದವರೆಗೆ ಹೋಗಿ ಹೊಳೆಯ ದಂಡೆ ಬಂದಿದ್ದರಿಂದ ಮಾತ್ರ ಹಿಂದಿರುಗಿತು.

ಜಾಹೀರಾತಿನಲ್ಲಿ ಬ್ಯಾಟು ಯಾಕೆ ಕಾಣುವುದಿಲ್ಲ ಎಂಬ ಪ್ರಶ್ನೆ ಮೊದಲು ಎದ್ದದ್ದು ಬಸ್ ಸ್ಟ್ಯಾಂಡಿನ ಎದುರಿಗಿರುವ ಎರ್ರೆಪ್ಪನ ಹೋಟೆಲಿನಲ್ಲಿ. ಅಷ್ಟು ಹೊತ್ತಿಗೆ ಸಮಿತಿ ರಚನೆಯಾಗಿತ್ತು, ಶಾಮಿಯಾನ ಗೊತ್ತು ಮಾಡಿಯಾಗಿತ್ತು, ಅಧ್ಯಕ್ಷರ ಕೊರಳಿಗೆ ಒಂದು ಹಾರವೂ ಬಿದ್ದಿತ್ತು. ಇಂಥ ಹೊತ್ತಿನಲ್ಲಿ ತಪ್ಪಾಯಿತೆಂದು ಹೇಳುವುದು ಸಾಮಾನ್ಯರ ಕೆಲಸ. ಮೈಲಾರಲಿಂಗಪ್ಪನವರು ಮಿರ್ಚಿ ಮುರಿಯುತ್ತ, ಕಣ್ಣು ಮಿಟುಕಿಸದೆ, “ಬ್ಯಾಟ್ ಹಿಡಿಯೋದು ಸಣ್ಣೋರ ಆಟಲೇ ಎರ್ರ್ಯಾ. ಕೈಯಾಗ ಬಡಿಗಿ ಇದ್ರ ಯಾರ ಬೇಕಾದ್ರೂ ಆಡ್ತಾರ. ಇದು ಬ್ಯಾಟಿಲ್ಲದ ದೊಡ್ಡ ಕ್ರಿಕೆಟ್. ನಿನಗ ಎಲ್ಲಿ ತಿಳೀತೈತಿ” ಅಂದರು. ಎರ್ರೆಪ್ಪ, “ಅಲ್ಲಪ್ಪಾ ಅಧ್ಯಕ್ಷ, ಬ್ಯಾಟಿಲ್ಲ ಸರಿ, ವಿಕೆಟ್ ಎಲ್ಲಿ ಅದಾವು?” ಎಂದು ಕೇಳಿದ್ದಕ್ಕೆ, “ಮನುಷ್ಯಾನೇ ವಿಕೆಟ್ಟು. ಬೀಳ್ತಾನಲ್ಲ, ಕಾಣಂಗಿಲ್ಲ?” ಎಂಬ ಉತ್ತರ ಬಂತು. ಅಂದಿನಿಂದ ಊರಿನಲ್ಲಿ ಯಾರಿಗೂ ಯಾವ ಸಂಶಯವೂ ಉಳಿಯಲಿಲ್ಲ.

ಮುಂದಿನದನ್ನು ತಾವು ನೋಡಬೇಕಿತ್ತು. ಮೇಲಿನ ಪೇಟೆಯವರು ನ್ಯೂಜಿಲೆಂಡ್ ಆದರು, ಕೆಳಗಿನ ಪೇಟೆಯವರು ಆಸ್ಟ್ರೇಲಿಯಾ ಆದರು. ಒಂದೇ ಅಂಗಡಿಯಲ್ಲಿ ಭಾಗೀದಾರರಾದ ಅಣ್ಣತಮ್ಮಂದಿರು ಗಲ್ಲಾಪೆಟ್ಟಿಗೆಯ ಆಚೆ ಈಚೆ ಮುಖ ತಿರುಗಿಸಿ ಕೂತರು. ಎರ್ರೆಪ್ಪ ಒಗ್ಗರಣೆ ಸೀದು ಕಪ್ಪಾದದ್ದಕ್ಕೆ ನ್ಯೂಜಿಲೆಂಡ್ ಮಂಡಕ್ಕಿಯೆಂದೂ, ಅರಿಷಿಣ ಹೆಚ್ಚಾಗಿ ಬಿದ್ದದ್ದಕ್ಕೆ ಆಸ್ಟ್ರೇಲಿಯಾ ಮಂಡಕ್ಕಿಯೆಂದೂ ಹೆಸರಿಟ್ಟ. ಹೀಗೆ ಅವನ ಅಡುಗೆಯ ಎರಡು ಹಳೆಯ ದೋಷಗಳಿಗೆ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಪಂದ್ಯದ ಮೊದಲು ಕಪ್ಪಂಗಿಯವರು ಕುಣಿಯುವ ಕುಣಿತವನ್ನು ಜಾಹೀರಾತಿನಲ್ಲಿ ನೋಡಲು ಹೋಟೆಲಿನ ಮುಂದೆ ಜನ ಜಮಾಯಿಸುತ್ತಿದ್ದರು. ಒಂದು ದಿನ, ಡಮರುಗ ನುಡಿಸುತ್ತ ದೇವರ ಕುಣಿತ ಕುಣಿಯುವ ಮೈಲಾರದ ಗೊರವಯ್ಯರೊಬ್ಬರು ಹೆಗಲ ಮೇಲೆ ಕರಿಕಂಬಳಿ ಹೊದ್ದು ಅಲ್ಲಿ ಚಹಾ ಕುಡಿಯುತ್ತಿದ್ದರು. ಕುಣಿತವನ್ನು ಪೂರ್ತಿ ನೋಡಿ, ಲೋಟ ಕೆಳಗಿಟ್ಟು, “ಕುಣಿತ ಚಲೋ ಐತಿ. ಆದ್ರ ಡಮರುಗ ಎಲ್ಲಿ ಬಿಟ್ಟು ಬಂದಾರಪಾ ಇವರು?” ಎಂದು ಕೇಳಿ ಬಸ್ಸು ಹತ್ತಿದರು. ಈ ಒಂದು ತಿಂಗಳಲ್ಲಿ ತಮ್ಮ ಆಟದ ಬಗ್ಗೆ ಕೊಟ್ಟೂರಿನಲ್ಲಿ ಕೇಳಿ ಬಂದ ತಿಳಿವಳಿಕೆಯ ಮಾತು ಅದೊಂದೇ.

ಇಷ್ಟರವರೆಗೆ ನನಗೆ ದೂರೇನೂ ಇರಲಿಲ್ಲವೆಂದು ಪ್ರಾಮಾಣಿಕವಾಗಿ ಹೇಳುತ್ತೇನೆ. ಯಾವುದಕ್ಕಾದರೂ ಕಾಯುವ ಊರು ಯಾವುದಕ್ಕೂ ಕಾಯದ ಊರಿಗಿಂತ ಮೇಲು. ಕಾಯುವವರ ಮುಖದಲ್ಲಿ ಒಂದು ಬೆಳಕಿರುತ್ತದೆ, ಅದು ಯಾವ ಮೂರ್ಖ ಕಾರಣದಿಂದ ಬಂದರೂ ಬೆಳಕೇ. ನನ್ನ ದೂರು ನೆಲದ್ದು.

ನಾನಿರುವ ಓಣಿಯ ಹಿಂದೆಯೇ ಆ ಶಾಲೆಯ ಬಯಲು. ಅದು ಬಯಲೆಂಬುದು ಹೆಸರಿಗೆ ಮಾತ್ರ. ಗರಸು ಮಣ್ಣು, ಮೊನಚು ಕಲ್ಲು. ಬಿದ್ದರೆ ಮೊಣಕಾಲಿನ ತೊಗಲು ಅಲ್ಲಿಯೇ ಉಳಿಯುತ್ತದೆ. ನನ್ನ ಪಕ್ಕದ ಮನೆಯ ಈರಕ್ಕ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾಳೆ. ಅವಳ ಮಗಳು ದುರ್ಗಾದೇವಿ ಹುತುತು ಆಡುತ್ತಾಳೆ. ಪೇಪರಿನವರು ಕಬಡ್ಡಿ ಎಂದು ಬರೆಯುವ ಆಟಕ್ಕೆ ನಮ್ಮಲ್ಲಿ ಹುತುತು ಎನ್ನುತ್ತೇವೆ. ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿರುವ ಆ ಹುಡುಗಿ ಉಸಿರು ಹಿಡಿದು ಎದುರಾಳಿಗಳ ನಡುವೆ ಇಳಿದಳೆಂದರೆ, ನೋಡುತ್ತಿರುವ ನಮ್ಮ ಉಸಿರೂ ಅವಳು ತನ್ನ ಗೆರೆಗೆ ಮರಳುವ ತನಕ ಹೊರಬರುವುದಿಲ್ಲ. ಅವಳೂ ಅವಳ ಜೊತೆಯ ಹುಡುಗಿಯರೂ ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದಿಂದ ಬುಟ್ಟಿಗಳಲ್ಲಿ ಮಣ್ಣು ಹೊತ್ತು ತಂದರು. ಮಂಡಕ್ಕಿ ಹುರಿದ ಮೇಲೆ ಕಾದ ಮರಳನ್ನು ಬೇರೆ ಮಾಡಲು ಭಟ್ಟಿಯಲ್ಲಿ ಒಂದು ದೊಡ್ಡ ಜರಡಿ ಬಳಸುತ್ತಾರೆ. ಅಂಥದೊಂದು ಹಳೆಯ ಜರಡಿಯನ್ನು ಈರಕ್ಕ ಕೇಳಿ ತಂದುಕೊಟ್ಟಳು. ಮಣ್ಣನ್ನೆಲ್ಲ ಹುಡುಗಿಯರು ಅದರಲ್ಲಿ ಜರಡಿ ಹಿಡಿದರು. ಒಂದು ಮುಳ್ಳು, ಒಂದು ಹರಳು ಉಳಿಯದಂತೆ ಆರಿಸಿ, ಭಟ್ಟಿಗೆ ಉರುವಲಾಗಿ ಬರುವ ಭತ್ತದ ಹೊಟ್ಟನ್ನು ಬೆರೆಸಿ, ನೀರು ಚಿಮುಕಿಸಿ ತುಳಿದು ಒಂದು ಅಂಕಣ ಮಾಡಿದರು. ಬರಿಗಾಲಿನಲ್ಲಿ ಅದರ ಮೇಲೆ ನಿಂತರೆ ಇನ್ನೂ ಬೆಚ್ಚಗಿರುವ ರೊಟ್ಟಿಯ ಮೇಲೆ ಕಾಲಿಟ್ಟಂತೆ ಪಾಪಭಯವಾಗುತ್ತಿತ್ತು.

ನಾಳೆ, ತಾವು ಸಿಡ್ನಿಯಲ್ಲಿ ಗಾಳಿಗೇರುವ ಸರಿಸುಮಾರು ಅದೇ ಹೊತ್ತಿಗೆ, ಕ್ರೀಡಾ ಹಾಸ್ಟೆಲಿಗೆ ಹುಡುಗಿಯರನ್ನು ಆರಿಸಿಕೊಳ್ಳಲು ಬಳ್ಳಾರಿಯಿಂದ ಆಯ್ಕೆಗಾರರು ಬರುತ್ತಾರೆ. ಬೆಳಿಗ್ಗೆ ಹಗರಿಬೊಮ್ಮನಹಳ್ಳಿ, ಮಧ್ಯಾಹ್ನ ಕೊಟ್ಟೂರು. ಅಂಕಣ ಸಿದ್ಧವಿದ್ದರೆ ಆಟ ನೋಡುತ್ತಾರೆ, ಇಲ್ಲದಿದ್ದರೆ ಜೀಪು ಇಳಿಯದೆಯೇ ಕೂಡ್ಲಿಗಿಗೆ ಹೋಗುತ್ತಾರೆ ಎಂದು ತಿಳಿಸಿದ್ದಾರೆ. ಆಯ್ಕೆಯಾದರೆ ದುರ್ಗಾದೇವಿಗೆ ಅಲ್ಲಿಯೇ ಊಟ, ವಸತಿ, ಪಿಯುಸಿ ಓದು. ಆಗದಿದ್ದರೆ ಸೋಮವಾರದಿಂದ ತಾಯಿಯ ಜೊತೆ ಭಟ್ಟಿ. ಅವಳ ತಂದೆ ಹುಲುಗಪ್ಪ ಕೂಲಿಗೆ ಹೋಗುವ ಮನುಷ್ಯ, ಕೆಟ್ಟವನಲ್ಲ, ಮಾತು ಕಡಿಮೆ. “ಇದೊಂದು ಸಲ ನೋಡೋಣ ಅಕ್ಕಾರ. ಆತು ಅಂದ್ರ ಹೋಗ್ಲಿ, ನಾ ಅಡ್ಡ ಬರಂಗಿಲ್ಲ. ಆಗಲಿಲ್ಲಾಂದ್ರ ಮತ್ತ ಆಟ ಗೀಟ ಅನ್ನಬಾರದು” ಎಂದು ನನ್ನೆದುರಿಗೇ ಹೇಳಿದ. ಮಗಳು ತಲೆಯಾಡಿಸಿ ಒಪ್ಪಿಕೊಂಡಳು. ಅವಳು ಒಪ್ಪಿದಾಗ ಅಂಕಣ ಇತ್ತು.

ಮೊನ್ನೆ ಬುಧವಾರ ಸಮಿತಿಯವರಿಗೆ, ಮಹಾಪಂದ್ಯ ಎಂದ ಮೇಲೆ ಬಯಲಿಗೆ ಒಂದು ಕಳೆ ಬೇಡವೇ ಎಂಬ ಯೋಚನೆ ಬಂತು. ಟಿವಿಯಲ್ಲಿ ಕಾಣುವಂಥ ಎತ್ತರದ ಗೋಲುಕಂಬಗಳನ್ನು, ಎರಡು ಉದ್ದ ನೀಲಗಿರಿ ಕಂಬ, ನಡುವೆ ಒಂದು ಅಡ್ಡಮರ ಹೀಗೆ, ಎರಡು ಜೊತೆ ಮಾಡಿಸಿ ತಂದರು. ನೋಡಲು ಅವು ಮನೆ ಕಟ್ಟುವ ಮೊದಲೇ ತಂದು ನಿಲ್ಲಿಸಿದ ಬಾಗಿಲ ಚೌಕಟ್ಟಿನಂತಿದ್ದವು. ಒಂದು ಜೊತೆಯನ್ನು ಬಯಲಿನ ಮೂಡಣ ಕಡೆಗೆ ನೆಡಲು ನೋಡಿದರು, ಗುದ್ದಲಿ ಕಿಡಿ ಹಾರಿಸಿತು. ಪಡುವಣಕ್ಕೆ ಹೋದರು, ಹಾರೆ ಬಗ್ಗಿತು. ಕೊನೆಗೆ ಇಡೀ ಬಯಲಿನಲ್ಲಿ ಗುದ್ದಲಿ ಸಲೀಸಾಗಿ ಇಳಿಯುವ ಒಂದೇ ಒಂದು ಜಾಗ ಅವರಿಗೆ ಸಿಕ್ಕಿತು. ಅದು ಅಷ್ಟು ಮೆತ್ತಗೆ ಏಕಿದೆ ಎಂದು ಯಾರೂ ಕೇಳಲಿಲ್ಲ. ನಾನು ಓಡಿಹೋದಾಗ ಮೈಲಾರಲಿಂಗಪ್ಪನವರು ಸಂತೋಷದಿಂದ, “ಬರ್ರಿ ಮೇಡಮ್ಮಾರ, ನೋಡ್ರಿ ಇಲ್ಲಿ, ನೆಲ ಬೆಣ್ಣಿ ಆಗೈತಿ! ಬ್ಯಾರೆ ಕಡಿ ಹಾರಿ ಹಾಕಿದ್ರೂ ಹೋಗವಲ್ದು. ದೇವರ ಇಟ್ಟಂಗ ಐತಿ ಜಾಗ” ಅಂದರು. ಅದನ್ನು ಮೆತ್ತಗೆ ಮಾಡಿದ್ದು ದೇವರಲ್ಲ, ಹುಡುಗಿಯರು ಎಂದು ನಾನು ಹೇಳಿದೆ. ಅವರು ಕೈಮುಗಿದು, “ಅದಕ್ಕ ಹೇಳೋದು, ನಮ್ಮೂರ ಹುಡುಗ್ಯಾರು ಭಾಳ ಶಾಣ್ಯಾರು” ಎಂದು ಹೊಗಳಿ, ಎರಡನೆಯ ಗುಂಡಿ ತೋಡಲು ಸನ್ನೆ ಮಾಡಿದರು.

ಮಾನ್ಯರೇ, ಎರಡೂ ಜೊತೆ ಕಂಬಗಳು ಆ ಅಂಕಣದಲ್ಲೇ ನಿಂತಿವೆ. ಒಂದು ಗೋಲಿನಲ್ಲಿ ನಿಂತವನು ಇನ್ನೊಂದು ಗೋಲಿನಲ್ಲಿ ನಿಂತವನಿಗೆ ಎಲೆಅಡಿಕೆ ದಾಟಿಸಬಹುದು. ತಮ್ಮ ಆಟದ ಚರಿತ್ರೆಯಲ್ಲಿ ಇಷ್ಟು ಅನ್ಯೋನ್ಯವಾದ ಮೈದಾನ ಇನ್ನೊಂದಿರಲಾರದು. ಎರಡರ ನಡುವೆ, ಹುತುತುವಿನ ನಡುಗೆರೆ ಎಲ್ಲಿತ್ತೋ ಸರಿಯಾಗಿ ಅಲ್ಲಿ, ಟಿವಿ ಇಡುವ ಮೇಜು. ಸದ್ಯಕ್ಕೆ ಓಣಿಯ ಎಮ್ಮೆಯೊಂದು ದಿನಾ ಬಂದು ನ್ಯೂಜಿಲೆಂಡಿನ ಕಂಬಕ್ಕೆ ಮೈ ತಿಕ್ಕಿಕೊಂಡು ಹೋಗುತ್ತದೆ. ಈ ಏರ್ಪಾಡಿನಿಂದ ಪ್ರಯೋಜನ ಪಡೆದ ಏಕೈಕ ನಾಗರಿಕ ಪ್ರಜೆ ಅದು.

ಇನ್ನೊಂದು ಸಂಗತಿಯನ್ನು ಬರೆಯಲೋ ಬೇಡವೋ ಎಂದು ಹಿಂದೆಮುಂದೆ ನೋಡುತ್ತಿದ್ದೆ. ಗುಂಡಿ ತೋಡಿದವನು ಹುಲುಗಪ್ಪ. ಸಮಿತಿಯವರು ಕೂಲಿಗೆ ಕರೆದದ್ದು ಅವನನ್ನೇ. ಈರಕ್ಕ ಸಂಜೆ ಬಾಗಿಲಲ್ಲಿ ನಿಂತು, “ನಿನ್ನ ಕಣ್ಣೇನು ಕಳಕಂಡಿದ್ದವಾ? ಹೆತ್ತ ಮಗಳು ಹೊತ್ತ ಮಣ್ಣು ಅದು” ಎಂದು ಕೂಗಿದಾಗ, ಅವನು ಗುದ್ದಲಿಯನ್ನು ಗೋಡೆಗೆ ಆನಿಸಿ, “ಕೆಲಸ ಐತಿ ಬಾ ಅಂದ್ರು, ಹೋದೆ. ಇಲ್ಲಿ ಅಗಿ ಅಂದ್ರು, ಅಗದೆ. ಅರ್ಧ ಅಗದ ಮ್ಯಾಲೆ ಹೊಟ್ಟು ಕಾಣಿಸ್ತು. ಅಷ್ಟೊತ್ತಿಗೆ ಅಗದಿದ್ದೆ” ಎಂದು ಹೇಳಿ ಒಳಗೆ ಹೋದನಂತೆ. ಅವತ್ತಿನಿಂದ ಮಗಳು ತಂದೆಯ ಜೊತೆ ಮಾತು ಬಿಟ್ಟಿದ್ದಾಳೆ. ಈ ಮಾತನ್ನು ಪತ್ರದ ಪ್ರತಿ ತಲುಪುವ ಅಧ್ಯಕ್ಷರ ಗಮನಕ್ಕೂ ತರುತ್ತಿದ್ದೇನೆ, ಅವರಿಗೆ ಬಿಡುವಿದ್ದರೆ.

ತಮಗೇ ಏಕೆ ಬರೆಯುತ್ತಿದ್ದೇನೆಂದು ತಾವು ಕೇಳಬಹುದು. ತಮ್ಮ ಆಟದ ಒಂದು ನಿಯಮವನ್ನು ನಮ್ಮವರು ಡಿಕ್ಷನರಿ ಇಟ್ಟುಕೊಂಡು ಕಂಡುಹಿಡಿದಿದ್ದಾರೆ. ಚೆಂಡನ್ನು ಕೈಯಿಂದ ಮುಂದಿನವನಿಗೆ ಎಸೆಯುವಂತಿಲ್ಲ, ಯಾವಾಗಲೂ ಹಿಂದಿರುವವನಿಗೇ ಕೊಡಬೇಕು, ಹೀಗೆ ಹಿಂದಕ್ಕೆ ಕೊಡುತ್ತ ಕೊಡುತ್ತಲೇ ಮುಂದಕ್ಕೆ ಹೋಗಿ ಎದುರಾಳಿಯ ಕೊನೆಯ ಗೆರೆ ದಾಟಬೇಕು ಎಂಬುದು ಆ ನಿಯಮ. ಎರ್ರೆಪ್ಪನಿಗೆ ಇದು ತಿಳಿಯಲೇ ಇಲ್ಲ. ನನಗೆ ಮಾತ್ರ ಕೇಳಿದೊಡನೆ ತಿಳಿಯಿತು, ಏಕೆಂದರೆ ಎರಡು ದಿನಗಳಿಂದ ನನ್ನ ಅರ್ಜಿ ಅದೇ ನಿಯಮದಂತೆ ಸಂಚರಿಸುತ್ತಿದೆ. ಅಧ್ಯಕ್ಷರು, ಬಯಲು ಶಾಲೆಯದು, ಅಲ್ಲಿ ಕೇಳಿರಿ ಎಂದರು. ಶಾಲೆಯವರು, ಕಂಬ ನಮ್ಮದಲ್ಲ, ಪಂಚಾಯ್ತಿ ಕಚೇರಿಯಲ್ಲಿ ಕೇಳಿರಿ ಎಂದರು. ಕಚೇರಿಯವರು ಚಹಾ ತರಿಸಿ ಕೊಟ್ಟು, ಅದು ಸ್ವಾಗತ ಸಮಿತಿಯವರದು, ಅಧ್ಯಕ್ಷರಲ್ಲಿ ಕೇಳಿರಿ ಎಂದರು. ಎಲ್ಲರೂ ಎಷ್ಟು ವಿನಯದಿಂದ, ಎಷ್ಟು ಚುರುಕಾಗಿ ಹಿಂದಿನವರಿಗೆ ದಾಟಿಸಿದರೆಂದರೆ, ಇವರನ್ನೇ ಅಂಗಿ ತೊಡಿಸಿ ಸಿಡ್ನಿಗೆ ಕಳಿಸಿದರೆ ಕಪ್ಪೂ ಹಳದಿಯೂ ಎರಡೂ ಸೋತು ಮನೆಗೆ ಹೋಗುವುದು ಖಂಡಿತ. ಒಂದೇ ಕೊರತೆ, ನಮ್ಮಲ್ಲಿ ಅರ್ಜಿ ಯಾವ ಗೆರೆಯನ್ನೂ ದಾಟುವುದಿಲ್ಲ. ಕೊನೆಯಲ್ಲಿ ಎಲ್ಲರೂ ಒಂದೇ ಮಾತು ಹೇಳಿದರು: “ಪಂದ್ಯ ಒಂದು ಮುಗೀಲಿ ಮೇಡಮ್ಮಾರ.” ಅಂದ ಮೇಲೆ ಇವರೆಲ್ಲರ ಮೇಲೆ ಅಧಿಕಾರವಿರುವುದು ತಮಗೊಬ್ಬರಿಗೇ ಎಂದು ಖಾತ್ರಿಯಾಗಿ ಈ ಪತ್ರ ಬರೆದಿದ್ದೇನೆ.

ಆದ್ದರಿಂದ ತಮ್ಮಲ್ಲಿ ಕೆಲವು ಬಿನ್ನಹಗಳಿವೆ. ನಾಳೆ ಮೊದಲ ಒದೆ ಬಿದ್ದ ಕೂಡಲೇ ತಾವು ಕ್ರೀಡಾಂಗಣದ ಹೊರಗೆ ಪುಟಿದು, ಸಮುದ್ರದ ಮೇಲೆ ಹಾದು, ಹೊಸಪೇಟೆಯ ಕಡೆಯಿಂದ ಬಂದು, ಆಯ್ಕೆಗಾರರ ಜೀಪು ಊರು ತಲುಪುವ ಮೊದಲೇ ನಮ್ಮ ಶಾಲೆಯ ಬಯಲಿನಲ್ಲಿ ಬೀಳುವ ಕೃಪೆ ಮಾಡಬೇಕು. ತಮ್ಮನ್ನು ಹಿಂಬಾಲಿಸುವುದೇ ಆ ಧಡೂತಿ ಗಂಡಸರ ಧರ್ಮವಾದ್ದರಿಂದ ಅವರೆಲ್ಲ ತಮ್ಮ ಹಿಂದೆಯೇ ಬರುತ್ತಾರೆ, ಬಂದವರು ತಲಾ ಒಂದು ಕಂಬ ಹಿಡಿದು ಎಳೆದರೆ ಸಾಕು. ಊಟದ ವ್ಯವಸ್ಥೆ ನಮ್ಮ ಓಣಿಯದು; ಮಂಡಕ್ಕಿ ಯಾವ ಬಣ್ಣದ್ದು ಬೇಕೆಂದು ಮೊದಲೇ ತಿಳಿಸಿದರೆ ಅನುಕೂಲ. ಇದು ಸಾಧ್ಯವಾಗದಿದ್ದಲ್ಲಿ, ಪಂದ್ಯವನ್ನು ಒಂದು ದಿನ ಮುಂದಕ್ಕೆ ಹಾಕುವಂತೆ ಎರಡೂ ದೇಶದವರಿಗೆ ಹೇಳಬೇಕು. ಅವರು ಶತಮಾನದಿಂದ ಜಗಳವಾಡುತ್ತಿದ್ದಾರಂತೆ, ಭಾನುವಾರದವರೆಗೆ ತಡೆದರೆ ಜಗಳ ಹಳಸುವುದಿ‌ಲ್ಲ. ಅದೂ ಆಗದಿದ್ದರೆ, ಕಂಬಗಳ ನಡುವೆ ನುಸುಳುತ್ತ, ಗುಂಡಿಗಳಿಗೆ ಕಾಲು ಕೊಡುತ್ತ, ಟಿವಿ ಮೇಜಿನ ಕೆಳಗೆ ಉಸಿರು ಹಿಡಿದು ಆಡುವ ಹುತುತುವನ್ನು ಹೊಸ ಅಂತರರಾಷ್ಟ್ರೀಯ ಆಟವೆಂದು ತಾವೇ ಘೋಷಿಸಿಬಿಡಬೇಕು. ಬೇರೆ ದೇಶದವರು ಅದನ್ನು ಕಲಿಯುವ ತನಕವಾದರೂ ನಮ್ಮ ಹುಡುಗಿಯರೇ ವಿಶ್ವ ಚಾಂಪಿಯನ್ನರಾಗಿರುತ್ತಾರೆ.

ತಮಾಷೆಯನ್ನು ಒಂದು ಗಳಿಗೆ ಬದಿಗಿಡುತ್ತೇನೆ. ನಾಳೆ ಕಪ್ಪು ಗೆದ್ದರೂ ಹಳದಿ ಗೆದ್ದರೂ ಕೊಟ್ಟೂರಿನಲ್ಲಿ ಯಾರ ಮನೆಯ ಒಲೆಯೂ ಬೇರೆ ರೀತಿ ಉರಿಯುವುದಿಲ್ಲ. ದುರ್ಗಾದೇವಿ ಆಯ್ಕೆಯಾಗದೆ ಹೋದರೆ ಸಿಡ್ನಿಯಲ್ಲಿ ಯಾರೂ ನಿಟ್ಟುಸಿರು ಬಿಡುವುದಿಲ್ಲ. ಈ ಎರಡನ್ನೂ ತೂಗಿ ನೋಡಿ ಸಮಿತಿಯವರು ತಕ್ಕಡಿ ಸಮವಾಗಿದೆ ಎಂದುಕೊಂಡಿದ್ದಾರೆ. ಊರೆಲ್ಲ ದೂರದ ಒಂದು ಬಯಲಿನಲ್ಲಿ ನಡೆಯುವುದಕ್ಕೆ ಕಾಯುತ್ತಿದೆ. ಒಬ್ಬ ಹುಡುಗಿ ತನ್ನ ಬಯಲಿನಲ್ಲೇ ನಡೆಯಬೇಕಾದದ್ದಕ್ಕೆ ಕಾಯುತ್ತಿದ್ದಾಳೆ. ಕಾಯುವುದರಲ್ಲೂ ಅಂತಸ್ತಿದೆ ಎಂದು ನನಗೆ ಈ ವಾರ ಗೊತ್ತಾಯಿತು. ಯಾವ ಪದ್ಯವೂ ಇದನ್ನು ನನಗೆ ಹೇಳಿರಲಿಲ್ಲ, ಹೇಳಿದ್ದರೆ ಆ ಪುಟವನ್ನೇ ನಾನು ಮರೆತಿರಬೇಕು.

ಆದರೂ ನಮ್ಮ ಓಣಿಯವರು ತಮ್ಮ ಆಟದ ವಿರೋಧಿಗಳೆಂದು ತಾವು ಭಾವಿಸಬಾರದು. ಇಡೀ ಊರಿನಲ್ಲಿ ಆ ಜಾಹೀರಾತನ್ನು ಗಮನವಿಟ್ಟು ನೋಡಿದ್ದು ದುರ್ಗಾದೇವಿಯೊಬ್ಬಳೇ ಇರಬೇಕು. ಕಂಬ ಬರುವುದಕ್ಕೂ ಮೊದಲು, ಒಂದು ಸಂಜೆ ನಮ್ಮ ಮನೆಯ ಟಿವಿಯ ಮುಂದೆ ಕೂತಾಗ, ಎಂಟೆಂಟು ಮಂದಿ ಹೆಗಲಿಗೆ ಹೆಗಲು ಹೆಣೆದು, ತಲೆ ತಗ್ಗಿಸಿ, ಎತ್ತುಗಳ ಹಾಗೆ ನೆಲಕ್ಕೆ ಕಾಲು ಕೊಟ್ಟು ದಬ್ಬುವ ದೃಶ್ಯ ಬಂದಾಗಲೆಲ್ಲ ಅವಳು ಮುಂದಕ್ಕೆ ಬಾಗುತ್ತಿದ್ದಳು. “ಅಕ್ಕಾರ, ಇವರು ಮ್ಯಾಲೆ ನೋಡಂಗೇ ಇಲ್ರಿ. ಎಲ್ಲಾರೂ ಒಂದ ಸಲ ಉಸಿರು ಬಿಡ್ತಾರ, ಒಂದ ಸಲ ದಬ್ಬತಾರ” ಎಂದು ನನಗೆ ತೋರಿಸಿದಳು. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಈರಕ್ಕ ತಲೆ ಎತ್ತಿ, “ಕೆಟ್ಟು ನಿಂತ ಲಾರಿ ದಬ್ಬಿದಂಗ ದಬ್ಬತಾವಲ್ಲೇ ಪಾಪ, ಲಾರಿ ಎಲ್ಲೈತಿ?” ಎಂದು ಕೇಳಿದಳು. ನಾವು ಮೂವರೂ ನಕ್ಕೆವು. ತಮ್ಮ ನೆಪದಿಂದ ನಮ್ಮ ಓಣಿಗೆ ಬಂದ ನಗು ಅದೊಂದು, ಅದಕ್ಕೆ ಋಣಿಯಾಗಿದ್ದೇನೆ.

ನಾಳೆ ಬಿಡುವಿಲ್ಲದ ದಿನವಾದ್ದರಿಂದ ತಮ್ಮ ಉತ್ತರವನ್ನು ಇಂದೇ ನಿರೀಕ್ಷಿಸುತ್ತೇನೆ. ತಾವು ಬೀಳುವಲ್ಲೆಲ್ಲ ನೆಲ ಮೆತ್ತಗಿರಲಿ, ಅದನ್ನು ಮೆತ್ತಗೆ ಮಾಡಿದವರ ಹೆಸರು ಯಾರಿಗಾದರೂ ತಿಳಿದಿರಲಿ ಎಂದು ಹಾರೈಸುತ್ತ,

ತಮ್ಮ ವಿಶ್ವಾಸಿ,
ಗಂಗಾಂಬಿಕಾ
ಶಾಲೆ ಬಯಲಿನ ಹಿಂದಿನ ಓಣಿ, ಕೊಟ್ಟೂರು

ತಾ.ಕ.: ಮೇಲೆ ಕೇಳಿಕೊಂಡಿದ್ದನ್ನೆಲ್ಲ ಹಿಂದಕ್ಕೆ ಪಡೆದಿದ್ದೇನೆ. ಅಂಚೆಚೀಟಿ ಹಚ್ಚಿಯಾಗಿರುವುದರಿಂದ ಮಾತ್ರ ಪತ್ರವನ್ನು ಕಳಿಸುತ್ತಿದ್ದೇನೆ. ತಾವು ಸಮುದ್ರ ದಾಟುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ. ಸಮಿತಿಯ ಸರ್ವ ಸದಸ್ಯರೂ ಈ ಸಂಜೆ ಡಿಶ್ ತಿರುಗಿಸಿ ಚಿತ್ರ ಸ್ಪಷ್ಟ ಮಾಡಲು ಅಧ್ಯಕ್ಷರ ಮಾಳಿಗೆಯ ಮೇಲೆ ಸೇರಿದ್ದರೆಂದೂ, ಎಲ್ಲರ ಮುಖವೂ ಆಕಾಶದ ಕಡೆಗಿತ್ತೆಂದೂ ಈಗ ತಿಳಿದು ಬಂತು. ಅಧ್ಯಕ್ಷರು ತಮ್ಮ ಗೋಲುಕಂಬಗಳನ್ನು ಎರ್ರೆಪ್ಪನ ಹೋಟೆಲಿನ ಮುಂದೆ ಹುಡುಕಬಹುದು. ಅಲ್ಲಿನ ಗರಸಿನಲ್ಲಿ ನೆಡಲು ಬಂದರೆ ಧಾರಾಳವಾಗಿ ನೆಟ್ಟುಕೊಳ್ಳಲಿ. ಟಿವಿ ಮೇಜನ್ನೂ ಜೋಪಾನವಾಗಿ ಅಲ್ಲಿಯೇ ಇಡಲಾಗಿದೆ. ನಾನು ಲಕೋಟೆಗೆ ಗೋಂದು ಹಚ್ಚುತ್ತಿರುವಾಗ ಈರಕ್ಕ ಬಂದಳು. ಮೈಯೆಲ್ಲ ಮಣ್ಣು, ತಲೆಗೂದಲಲ್ಲಿ ಭತ್ತದ ಹೊಟ್ಟು. ಒಳಗೆ ಬಾ ಎಂದರೂ ಬರದೆ ಬಾಗಿಲಲ್ಲೇ ನಿಂತು ಅವಳು ಹೇಳಿದ್ದನ್ನು ಇದ್ದಂತೆಯೇ ಬರೆದು ಮುಗಿಸುತ್ತೇನೆ:

“ಅಕ್ಕಾರ, ಬರದದ್ದು ಸಾಕು, ಎದ್ದು ಬರ್ರಿ. ಅವತ್ತು ಲಾರಿ ಎಲ್ಲೈತಿ ಅಂದಿದ್ನಲ್ಲಾ, ಸಿಕ್ತು! ಹುಡುಗ್ಯಾರೆಲ್ಲ ಟಿವ್ಯಾಗಿನವರಂಗ ಹೆಗಲಿಗೆ ಹೆಗಲು ಹಚ್ಚಿ, ತಲಿ ತಗ್ಗಿಸಿ, ಒಂದ ಉಸಿರಿಗೆ ದಬ್ಬಿದ್ವು ನೋಡ್ರಿ, ಕಂಬ ಬುಡ ಸಮೇತ ಎದ್ದು ಬಂದ್ವು. ಬರದ ಏನು ಮಾಡ್ತಾವು, ನೆಲ ಮೆತ್ತಗ ಮಾಡಿದವರು ನಾವಲ್ಲೇನು. ಇರೋದೊಂದು ಸಲಿಕಿ ಅವರಪ್ಪ ಹಿಡಕಂಡಾನ, ತಾನ ತೋಡಿದ ಗುಂಡಿ ತಾನ ಮುಚ್ಚಾಕತ್ಯಾನ, ಮಗಳು ಮಾತಾಡಿಸ್ಯಾಳ. ಮಣ್ಣು ಮತ್ತ ಜರಡಿ ಹಿಡೀಬೇಕು, ಹರಳು ಕೂಡ್ಯಾವು. ಬರ್ರಿ ಲಗೂನ, ಜರಡಿಯ ಆ ಕಡಿ ಹಿಡಿಯಾಕ ಒಬ್ಬರು ಕಡಿಮಿ ಬಿದ್ದಾರ.”